ಪಟ್ಟೆಯ ಕಡೆ ಮೈನಸ್

ಧನಲಕ್ಷ್ಮಿಯ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ. ಯಾವ ಕಡೆ ತಿರುಗಿಸಿ ಕೂರಿಸಿದರೂ ನಡೆಯುವವರು ಒಂದು, ಸರಿಯಾದ ದಿಕ್ಕಿಗೇ ಕೂರಿಸಬೇಕಾದವರು ಇನ್ನೊಂದು. ಮೊದಲ ಜಾತಿಯವರು ಲೋಕದ ತುಂಬ ಇದ್ದಾರೆ. ಅಗ್ಗವಾಗಿ ಸಿಗುತ್ತಾರೆ, ಕೆಳಗೆ ಬಿದ್ದು ಕಳೆದುಹೋದರೆ ಯಾರೂ ಬಗ್ಗಿ ಹುಡುಕುವುದಿಲ್ಲ. ತನ್ನ ಗಂಡ, ಗಂಡನ ಅಣ್ಣತಮ್ಮಂದಿರು, ಜಾಲಹಳ್ಳಿಯ ತಮ್ಮ ಬೀದಿಯ ಅಷ್ಟೂ ಮನೆಯವರನ್ನು ಅವಳು ಈ ಗುಂಪಿಗೆ ಸೇರಿಸಿ ಕೈ ತೊಳೆದುಕೊಂಡಿದ್ದಳು. ಎರಡನೆಯ ಜಾತಿಯವರು ಅಪರೂಪ. ಅಬ್ಬಿಗೆರೆಯಲ್ಲಿ ಭೀಮರಾಜ್ ನಡೆಸುತ್ತಿದ್ದ ಶೆಡ್ಡಿನಲ್ಲಿ ಅಂಥವರು ಒಬ್ಬರೇ ಇದ್ದರು. ಅದು ಯಾರೆಂದು ವಿಚಾರಿಸಬೇಕಾಗಿರಲಿಲ್ಲ, ಅವಳು ನಡೆದು ಬರುವ ಠೀವಿಯಲ್ಲೇ ಗೊತ್ತಾಗುತ್ತಿತ್ತು.

ಈ ವಿಂಗಡಣೆಯನ್ನು ಅವಳು ಕಲಿತದ್ದು ಕೆಪ್ಯಾಸಿಟರುಗಳಿಂದ. ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ಲಿಫ್ಟಿನ ಬಾಗಿಲು ತೆರೆದು ಮುಚ್ಚುವ ಎಲೆಕ್ಟ್ರಾನಿಕ್ ಬೋರ್ಡುಗಳು. ಹೆಂಗಸರು ಉದ್ದನೆಯ ಬೆಂಚಿಗೆ ಸಾಲಾಗಿ ಕೂತು ಬೋರ್ಡಿನ ಮೇಲೆ ಪುಟ್ಟ ಪುಟ್ಟ ಸಾಮಾನುಗಳನ್ನಿಟ್ಟು ಬಿಸಿ ಐರನ್ನಿನಿಂದ ತವರ ಕರಗಿಸಿ ಸೋಲ್ಡರ್ ಮಾಡುತ್ತಿದ್ದರು. ಅವರು ಮಾಡಿದ್ದನ್ನು ಲೆನ್ಸಿನಡಿ ನೋಡಿ ಪಾಸು ಮಾಡುವುದು, ಹೊಸಬರಿಗೆ ಕೆಲಸ ಕಲಿಸುವುದು ಧನಲಕ್ಷ್ಮಿಯ ಪಾಲು. ಹರೆಯದಲ್ಲಿ ಅವಳು ಜಾಲಹಳ್ಳಿಯ ದೊಡ್ಡ ಫ್ಯಾಕ್ಟರಿಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದವಳು. ಅವಧಿ ಮುಗಿದ ಮೇಲೆ ತನ್ನನ್ನು ಅಲ್ಲಿ ಉಳಿಸಿಕೊಳ್ಳಲಿಲ್ಲ ಎಂಬ ಸಂಗತಿಯನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಏನು ಹೇಳುವುದಿದ್ದರೂ ‘ನಾನು ದೊಡ್ಡ ಫ್ಯಾಕ್ಟರಿಲಿದ್ದಾಗ’ ಎಂದೇ ಶುರುಮಾಡುತ್ತಿದ್ದಳು.

ಅವಳು ಪಾಠ ಹೇಳುವ ರೀತಿಯೇ ಬೇರೆ. ಕೆಪ್ಯಾಸಿಟರ್ ಅಂದರೆ ಮನೆಯ ಮೇಲಿನ ನೀರಿನ ಟ್ಯಾಂಕು ಎನ್ನುತ್ತಿದ್ದಳು. ಕಾವೇರಿ ನೀರು ಮನಸ್ಸು ಬಂದಾಗ ಬರುತ್ತದೆ, ಮನಸ್ಸು ಬಂದಾಗ ನಿಲ್ಲುತ್ತದೆ. ಆದರೆ ಟ್ಯಾಂಕು ಇದ್ದರೆ ನಲ್ಲಿಯಲ್ಲಿ ಒಂದೇ ಸಮ ನೀರು. ಹಾಗೆಯೇ ಬೋರ್ಡಿನಲ್ಲಿ ಕರೆಂಟು ಏರಿದಾಗ ಇದು ತುಂಬಿಕೊಳ್ಳುತ್ತದೆ, ಇಳಿದಾಗ ಬಿಟ್ಟುಕೊಡುತ್ತದೆ. ಒಳಗಿರುವುದು ಎರಡು ತಗಡು, ನಡುವೆ ಕರೆಂಟು ದಾಟಲಾಗದ ಒಂದು ಪದರ, ಅಷ್ಟೇ. ಆಮೇಲೆ ಅಂಗೈಯಲ್ಲಿ ಕಂದು ಬಣ್ಣದ ಒಂದು ಸೆರಾಮಿಕ್ ಬಿಲ್ಲೆ ಇಟ್ಟು ತೋರಿಸುವಳು. ಇದಕ್ಕೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ಎರಡು ಕಾಲಿನಲ್ಲಿ ಯಾವುದನ್ನು ಯಾವ ತೂತಿಗೆ ಹಾಕಿದರೂ ನಡೆಯುತ್ತದೆ. ಕರೆಂಟು ಹಿಂದಕ್ಕೂ ಮುಂದಕ್ಕೂ ಓಡಾಡುವ ಜಾಗದಲ್ಲಿ ಇಂಥದ್ದನ್ನೇ ಹಾಕಬೇಕು. ಆದರೆ ಇದರ ಹೊಟ್ಟೆ ಸಣ್ಣದು, ಹೆಚ್ಚು ಹಿಡಿಯುವುದಿಲ್ಲ. ಇದನ್ನು ಹೇಳುವಾಗ ಅವಳು ಎದುರಿಗೆ ಕೂತವರ ಮುಖವನ್ನು ಒಂದು ಸುತ್ತು ನೋಡುತ್ತಿದ್ದಳು.

ನಂತರ ಅಲ್ಯೂಮಿನಿಯಂ ಡಬ್ಬಿಯ ಸರದಿ. ಇದರೊಳಗಿನ ಒಂದು ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಸಿರುತ್ತಾರೆ. ಪೊರೆ ಅಷ್ಟು ತೆಳುವಾಗಿರುವುದರಿಂದಲೇ ಇಷ್ಟು ಚಿಕ್ಕ ಡಬ್ಬಿ ಅಷ್ಟೊಂದು ಹಿಡಿದುಕೊಳ್ಳುತ್ತದೆ. ಆದರೆ ಪ್ಲಸ್ ಕಾಲಿಗೆ ಪ್ಲಸ್ಸೇ ಸಿಗಬೇಕು. ತಿರುಗಾಮುರುಗಾ ಕೊಟ್ಟರೆ ಪೊರೆ ಹರಿಯುತ್ತದೆ, ಒಳಗಿನದ್ದು ಕುದಿಯುತ್ತದೆ, ತಲೆ ಸಿಡಿಯುತ್ತದೆ. ಹೇಳಿದರೆ ಸಾಲದು ಎಂದು ಅವಳು ಒಂದನ್ನು ಬೇಕೆಂದೇ ಉಲ್ಟಾ ಜೋಡಿಸಿ, ಮೇಲೆ ಸ್ಟೀಲಿನ ಪಾತ್ರೆ ಕವುಚಿ ಕರೆಂಟು ಕೊಡುತ್ತಿದ್ದಳು. ಪಾತ್ರೆಯೊಳಗೆ ಢಬ್ ಎಂದಾಗ ಹೊಸ ಹುಡುಗಿಯರು ಕಿರುಚಿಕೊಂಡರೆ ಅವಳಿಗೆ ಒಳಗೊಳಗೇ ಖುಷಿ. ಹೊಗೆ ಆರುವ ಮುನ್ನ ಡಬ್ಬಿಯ ಮೈಮೇಲಿನ ಬೂದು ಪಟ್ಟೆಯನ್ನು ತೋರಿಸಿ ಮಂತ್ರೋಪದೇಶ: ಪಟ್ಟೆಯ ಕಡೆ ಮೈನಸ್. ಇದನ್ನು ಗಟ್ಟಿಯಾಗಿ ಹೇಳಿ ಒಪ್ಪಿಸದೆ ಆ ಶೆಡ್ಡಿನಲ್ಲಿ ಯಾರ ಕೈಗೂ ಸೋಲ್ಡರಿಂಗ್ ಐರನ್ ಸಿಗುತ್ತಿರಲಿಲ್ಲ.

ಕೂರುವ ಜಾಗವನ್ನೂ ಅವಳೇ ಗೊತ್ತುಮಾಡುತ್ತಿದ್ದಳು. ಬಾಗಿಲ ಕಡೆ ಕೂತವರಿಗೆ ಬಿಲ್ಲೆಗಳು, ಕಿಟಕಿಯ ಕಡೆ ಕೂತವರಿಗೆ ದಿಕ್ಕು ನೋಡಿ ಹಾಕಬೇಕಾದ ಸಾಮಾನುಗಳು. ಬಾಗಿಲಿನಿಂದ ಕಿಟಕಿಗೆ ಹೋಗುವುದೇ ಅಲ್ಲಿನ ಬಡ್ತಿ. ಕೆಲವರು ಬಾಗಿಲ ಬಳಿಯೇ ಮದುವೆಯಾಗಿ, ಬಸುರಾಗಿ, ಕೆಲಸ ಬಿಟ್ಟೂ ಹೋದರು.

ಚಿಕ್ಕಬಾಣಾವರದ ಮುನಿಗಂಗಮ್ಮನನ್ನು ಅವಳು ಕಿಟಕಿಗೆ ಕಳಿಸಿದ್ದು ಮನಸ್ಸಿಲ್ಲದ ಮನಸ್ಸಿನಿಂದ. ಕಿಟಕಿಯ ಹುಡುಗಿಯರಿಬ್ಬರು ಹೆಚ್ಚಿನ ಸಂಬಳಕ್ಕೆ ಬೇರೆ ಕಡೆ ಹಾರಿದ್ದರಿಂದ ಗತ್ಯಂತರವಿರಲಿಲ್ಲ. ಮುನಿಗಂಗಮ್ಮ ಅವಳ ಓರಗೆಯವಳೇ. ಊರು ಲೇಔಟಾಗುವ ಮೊದಲಿನಿಂದ ಅಲ್ಲೇ ಇದ್ದ ಮನೆತನದ ಹೆಂಗಸು. ದವಡೆಯಲ್ಲಿ ಎಲೆಯಡಿಕೆ, ಮೂಗಿನ ತುದಿಯಲ್ಲಿ ಚಾಳೀಸು, ಬಾಯಿ ತೆರೆದರೆ ಇಡೀ ಶೆಡ್ಡಿಗೆ ಕೇಳುವ ನಗು. ಕೈ ಮಾತ್ರ ಸ್ಥಿರ, ಅದನ್ನು ಧನಲಕ್ಷ್ಮಿಯೂ ಅಲ್ಲಗಳೆಯುತ್ತಿರಲಿಲ್ಲ. ಅವಳಿಗೆ ಆಗದಿದ್ದದ್ದು ಮುನಿಗಂಗಮ್ಮನ ಪ್ರಶ್ನೆಗಳು. ಬೇರೆಯವರು ಹೇಳಿದ್ದನ್ನು ತಲೆ ತಗ್ಗಿಸಿ ಮಾಡಿದರೆ ಇವಳಿಗೆ ಅದು ಯಾಕೆ, ಇದು ಹೇಗೆ. ಓದು ಬರಹ ಅಷ್ಟಕ್ಕಷ್ಟೇ ಇರುವವಳಿಗೆ ಇಷ್ಟೆಲ್ಲ ಯಾಕೆ ಬೇಕು ಎಂದು ಧನಲಕ್ಷ್ಮಿ ಮೂಗು ಮುರಿಯುತ್ತಿದ್ದಳು.

ಲಿಫ್ಟು ಮಾಡುವ ಯಶವಂತಪುರದ ಕಂಪನಿಯವರು ತಮ್ಮ ಬೋರ್ಡನ್ನು ತೆಳ್ಳಗೆ ಮಾಡಬೇಕೆಂದು ಹೊರಟಾಗ ಎಲ್ಲ ಶುರುವಾಯಿತು. ಎತ್ತರದ ಅಲ್ಯೂಮಿನಿಯಂ ಡಬ್ಬಿಗಳು ಹೋಗಿ ಅವುಗಳ ಜಾಗಕ್ಕೆ ಟ್ಯಾಂಟಲಮ್ ಎಂಬ ಲೋಹದ ಕೆಪ್ಯಾಸಿಟರುಗಳು ಬಂದವು. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪನೆಯ ಹಳದಿ ಇಟ್ಟಿಗೆಗಳು, ಒಂದು ತುದಿಗೆ ಕಂದು ಪಟ್ಟೆ. ಇವಕ್ಕೂ ದಿಕ್ಕುಂಟು. ಶೆಡ್ಡಿನ ಏಕೈಕ ಎಂಜಿನಿಯರ್ ಸಿದ್ದಲಿಂಗ ಈ ಹೊಸ ಸಾಮಾನಿನ ಪೆಟ್ಟಿಗೆಯನ್ನು ತಂದು ಬೆಂಚಿನ ಮೇಲಿಟ್ಟು, ಹಳೆಯದರ ಬದಲು ಇದು ಎಂದಷ್ಟೇ ಹೇಳಿ ತನ್ನ ಏಸಿ ಕೋಣೆಗೆ ವಾಪಸ್ಸಾದ. ಗದಗಿನ ಕಡೆಯ ಈ ಹುಡುಗ ಕುತ್ತಿಗೆಯಲ್ಲಿ ಐಡಿ ಕಾರ್ಡು ನೇತುಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿದರೆ ಊಟಕ್ಕೇ ಏಳುತ್ತಿದ್ದದ್ದು. ಬಿಸಿ ಐರನ್ನನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದೂ ಅವನಿಗೆ ಗೊತ್ತಿರಲಾರದೆಂದು ಧನಲಕ್ಷ್ಮಿಯ ಅಂದಾಜು.

ಹಳದಿ ಇಟ್ಟಿಗೆಯನ್ನು ಚಿಮಟದಲ್ಲಿ ಎತ್ತಿ ಹಿಡಿದು ಮುನಿಗಂಗಮ್ಮ ಒಂದು ಗಳಿಗೆ ನೋಡಿದಳು. ಬೋರ್ಡಿನ ಮೇಲೆ ಪ್ಲಸ್ ಗುರುತು ಎಂದಿನಂತೆ ಅಚ್ಚಾಗಿತ್ತು, ಆದರೆ ಸಾಮಾನಿನ ಮೇಲೆ ಪಟ್ಟೆ ಬಿಟ್ಟರೆ ಏನೂ ಇರಲಿಲ್ಲ.

“ಧನಕ್ಕ, ಇದಕ್ಕೂ ಅದೇ ಪಟ್ಟೆ ಲೆಕ್ಕಾನೇನಾ? ಇದು ಬ್ಯಾರೆ ಜಾತಿದು ಇದ್ದಂಗೈತೆ. ಆ ಎಂಜಿನಿಯರ್‌ನ ಒಂದ್ ಮಾತು ಕೇಳಾನಾ?”

ಧನಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಇವಳು, ಮೊನ್ನೆ ತನಕ ಬಾಗಿಲ ಬಳಿ ಕೂತಿದ್ದವಳು, ತನ್ನ ಪಾಠ ಸರಿಯೇ ಎಂದು ಆ ಹುಡುಗನ ಹತ್ತಿರ ಕೇಳಿಕೊಂಡು ಬರುತ್ತಾಳಂತೆ. ಪಟ್ಟೆ ಅಂದರೆ ಪಟ್ಟೆ, ಹಸುವಿನ ಮೇಲಿದ್ದರೂ ಪಟ್ಟೆ, ಹುಲಿಯ ಮೇಲಿದ್ದರೂ ಪಟ್ಟೆ ಎಂದಳು. ನೀನು ತಲೆ ಓಡಿಸೋಕೆ ಹೋಗಬೇಡ, ಇಲ್ಲದಿರುವುದನ್ನು ಓಡಿಸಿದರೆ ಸುಸ್ತಾಗುತ್ತೆ ಎಂದೂ ಸೇರಿಸಿದಳು. ಬೆಂಚಿನ ಈ ತುದಿಯಿಂದ ಆ ತುದಿಯ ತನಕ ಎಲ್ಲರೂ ನಕ್ಕರು. ಮುನಿಗಂಗಮ್ಮನೂ ನಕ್ಕು, ಚಾಳೀಸನ್ನು ಮೇಲಕ್ಕೆ ತಳ್ಳಿ, ಪಟ್ಟೆಯನ್ನು ಪ್ಲಸ್ ಗುರುತಿನಿಂದ ಆಚೆಗೆ ತಿರುಗಿಸಿ ಕೂರಿಸಿದಳು. ಆ ಕಂತಿನ ಅಷ್ಟೂ ಬೋರ್ಡುಗಳು ಅವಳ ಕೈಯಲ್ಲೇ ಆದವು. ಧನಲಕ್ಷ್ಮಿ ಲೆನ್ಸಿನಡಿ ನೋಡಿದಳು, ಅಂದವಾಗಿ ಒಂದೇ ಸಾಲಿನಲ್ಲಿದ್ದವು. ಒಂದೆರಡು ನಿಮಿಷ ಕರೆಂಟು ಕೊಟ್ಟಾಗ ಹಸಿರು ದೀಪಗಳೂ ಹತ್ತಿದವು. ಪಾಸು.

ಯಶವಂತಪುರದವರು ಬೋರ್ಡುಗಳನ್ನು ಲಿಫ್ಟಿಗೆ ಹಾಕುವ ಮೊದಲು ತಮ್ಮ ಮೇಜಿನ ಮೇಲೆ ಇಡೀ ದಿನ ಚಾಲೂ ಇಟ್ಟು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಬೋರ್ಡಿನಲ್ಲಿ ಹಳದಿ ಇಟ್ಟಿಗೆ ನಿಧಾನಕ್ಕೆ ಬಿಸಿಯೇರಿ ಕಿಡಿ ಕಾರಿತು. ಅದನ್ನು ಆರಿಸುವಷ್ಟರಲ್ಲಿ ಪಕ್ಕದ್ದು. ಸಂಜೆಯೊಳಗೆ ಮೇಜಿನ ತುಂಬ ಕರಿ. ಲಿಫ್ಟಿನೊಳಗೆ ಜನ ಇದ್ದಾಗ ಹೀಗಾಗಿದ್ದರೆ ಏನು ಗತಿ ಎಂದು ಅವರು ಫೋನಿನಲ್ಲಿ ಬೈದ ಬೈಗುಳ ಭೀಮರಾಜನ ಕೋಣೆಯ ಗಾಜಿನಾಚೆಗೂ ಕೇಳಿಸಿತಂತೆ.

ಭೀಮರಾಜ್ ಸೈಟು ಮಾರಿ ಶೆಡ್ಡು ಹಾಕಿದ ಮನುಷ್ಯ. ಆಯುಧಪೂಜೆಯ ದಿನ ಬೂದುಗುಂಬಳ ಒಡೆದು ಐರನ್ನುಗಳಿಗೆ ಕುಂಕುಮ ಹಚ್ಚುವುದನ್ನು ಬಿಟ್ಟರೆ ಅವನಿಗೂ ಈ ಉದ್ಯೋಗಕ್ಕೂ ಸಂಬಂಧವಿರಲಿಲ್ಲ. ಮರುದಿನ ಬೆಳಿಗ್ಗೆ ಸುಟ್ಟ ಬೋರ್ಡುಗಳು ಶೆಡ್ಡಿಗೆ ವಾಪಸ್ಸು ಬಂದಾಗ ಅವು ಯಾಕೆ ಸುಟ್ಟವೆಂದು ಅವನು ಕೇಳಲಿಲ್ಲ. ಯಾರು ಸುಟ್ಟರು ಎಂದು ಕೇಳಿದ. ಅದರ ಮಾರನೆಯ ದಿನ ಕಂಪನಿಯ ದೊಡ್ಡವರೊಬ್ಬರು ಬರುವವರಿದ್ದರು. ಅಷ್ಟರೊಳಗೆ ತಪ್ಪು ಮಾಡಿದವರನ್ನು ಹೊರಗೆ ಹಾಕಿ, ಹಾಕಿದ್ದೇವೆ ಎಂದು ಅವರಿಗೆ ಹೇಳಬೇಕು. ಸಿದ್ದಲಿಂಗ ಸುಟ್ಟ ಬೋರ್ಡುಗಳನ್ನು ನೋಡಿ, ಕೆಪ್ಯಾಸಿಟರುಗಳೆಲ್ಲ ಉಲ್ಟಾ ಕೂತಿವೆ ಎಂದ. ಕೂರಿಸಿದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಸಂಜೆ ಎಲ್ಲರ ಮುಂದೆಯೇ ಆ ಹೆಂಗಸಿಗೆ ಲೆಕ್ಕ ಚುಕ್ತಾ ಮಾಡಿ ಕಳಿಸೋಣ, ನೀವು ಇನ್‌ಸ್ಪೆಕ್ಟರು, ಸರಿಯಾಗಿ ಹೇಳಿಕೊಟ್ಟಿದ್ದೆ ಅಂತ ಒಂದು ಮಾತು ಹೇಳಿ ಸಾಕು ಎಂದು ಭೀಮರಾಜ್ ಧನಲಕ್ಷ್ಮಿಗೆ ಹೇಳಿದ.

ಅವಳಿಗೇನೂ ಬೇಸರವಾಗಲಿಲ್ಲ. ಇಂಥವರನ್ನು ಕಿಟಕಿಗೆ ಕೂರಿಸಿದರೆ ಇನ್ನೇನಾಗುತ್ತದೆ ಎಂದುಕೊಂಡೇ ಸುಟ್ಟ ಬೋರ್ಡನ್ನು ಲೆನ್ಸಿನಡಿ ಹಿಡಿದಳು. ಹಿಡಿದವಳು ಹುಬ್ಬು ಗಂಟಿಕ್ಕಿದಳು. ಸುಡದೆ ಉಳಿದಿದ್ದ ಒಂದೊಂದು ಇಟ್ಟಿಗೆಯ ಪಟ್ಟೆಯೂ ಮೈನಸ್ಸಿನ ಕಡೆಗೇ ಇತ್ತು. ಒಂದೂ ತಪ್ಪಿರಲಿಲ್ಲ. ಅವಳು ನೇರವಾಗಿ ಏಸಿ ಕೋಣೆಗೆ ನುಗ್ಗಿ, ಉಲ್ಟಾ ಯಾವುದು ಸೀದಾ ಯಾವುದು ಎಂದು ಕಾಲೇಜಿನಲ್ಲಿ ಹೇಳಿಕೊಡಲಿಲ್ಲವೇನ್ರೀ ಎಂದು ಸಿದ್ದಲಿಂಗನನ್ನು ತರಾಟೆಗೆ ತೆಗೆದುಕೊಂಡಳು. ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಸಾಮಾನು ತಯಾರಿಸಿದವರ ಚಿತ್ರ ಅದರಲ್ಲಿತ್ತು.

“ಅಕ್ಕಾರ, ಟ್ಯಾಂಟಲಮ್‌ದಾಗ ಪಟ್ಟಿ ಇದ್ದ ಕಡೇನ ಪ್ಲಸ್ ಇರ್ತದ್ರಿ. ಅಲ್ಯೂಮಿನಿಯಂದಕ್ಕ ಮೈನಸ್, ಇದಕ್ಕ ಪ್ಲಸ್. ಎಲ್ಲಾರಿಗೂ ಗೊತ್ತಿರ್ತದ ಅಂತ ನಾ ಹೇಳ್ಲಿಲ್ರಿ.”

ಅವಳು ಚಿತ್ರವನ್ನು ನೋಡಿದಳು. ಕಂದು ಪಟ್ಟೆ, ಅದರ ಪಕ್ಕದಲ್ಲಿ ಸಾಸಿವೆಯಷ್ಟು ಪ್ಲಸ್ ಗುರುತು. ಇಷ್ಟು ವರ್ಷ ತಾನು ಎಷ್ಟು ಬಾಯಿಗಳಿಂದ ಹೇಳಿಸಿದ್ದ ಮಂತ್ರ, ಕೊನೆಗೆ ಒಂದು ಬಗೆಯ ಡಬ್ಬಿಗೆ ಮಾತ್ರ ಸಲ್ಲುವಂಥದ್ದು. ದೊಡ್ಡ ಫ್ಯಾಕ್ಟರಿಯಲ್ಲಿ ಅವಳ ಕೈಗೆ ಟ್ಯಾಂಟಲಮ್ ಬಂದೇ ಇರಲಿಲ್ಲ, ಅಪ್ರೆಂಟಿಸರ ಕೈಗೆ ಯಾರು ಕೊಡುತ್ತಾರೆ. ನಾಚಿಕೆಗಿಂತ ಮೊದಲು ಅವಳಿಗೆ ಬಂದದ್ದು ಸಿಟ್ಟು, ಪಟ್ಟೆಗೆ ಎರಡು ಅರ್ಥ ಇಟ್ಟ ಯಾರೋ ಕಾಣದ ಪುಣ್ಯಾತ್ಮರ ಮೇಲೆ. ಅದರ ಹಿಂದೆಯೇ ಮುನಿಗಂಗಮ್ಮನ ಪ್ರಶ್ನೆ ನೆನಪಾಯಿತು.

ಸಿದ್ದಲಿಂಗ ಬಾಗಿಲು ಮುಚ್ಚಿ ಬಂದು ದನಿ ತಗ್ಗಿಸಿದ. ಚಿತ್ರವನ್ನು ಬೆಂಚಿಗೆ ಕೊಡದೆ ಇದ್ದದ್ದು ತನ್ನ ತಲೆಗೂ ಬರುತ್ತದೆ ಎಂಬುದು ಅವನಿಗೆ ಹೊಳೆದಿತ್ತು.

“ಗಂಗಮ್ಮ ತಪ್ಪ್ ಮಾಡ್ಯಾಳ ಅಂದ್ಬಿಟ್ರ ನೀವೂ ಉಳೀತೀರಿ, ನಾನೂ ಉಳೀತೀನ್ರಿ. ಸಾಹೇಬ್ರಿಗೆ ಪಟ್ಟಿ ಎಲ್ಲೈತಿ ಅಂತ ಸೈತ ಗೊತ್ತಾಗಂಗಿಲ್ಲ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪ್ರಾಯದ ಗಂಡಸು, ಎರಡು ಹೊತ್ತು ರೊಟ್ಟಿ ತಿನ್ನುವವನು, ಎಲೆಯಡಿಕೆಯ ಹೆಂಗಸೊಬ್ಬಳ ಸೆರಗಿನ ಹಿಂದೆ ಅಡಗಲು ಹೊರಟಿದ್ದ. ಥೂ ಎನ್ನಬೇಕೆನಿಸಿತು. ಎನ್ನಲಿಲ್ಲ, ಯಾಕೆಂದರೆ ಅವನು ಹೇಳಿದ ಮಾತು ಅವಳ ತಲೆಯೊಳಗೆ ಆಗಲೇ ಬಂದು ಕೂತಿತ್ತು.

ಊಟದ ಹೊತ್ತಾಯಿತು. ಸಂಜೆ ಏನಾಗಲಿದೆ ಎಂಬುದು ಎಲ್ಲರಿಗೂ ಗೊತ್ತಾಗಿತ್ತು. ಮುನಿಗಂಗಮ್ಮ ಎಂದಿನ ಜಾಗದಲ್ಲಿ ಕೂತು ಮುದ್ದೆ ಮುರಿಯುತ್ತಿದ್ದಳು. ಈ ವಯಸ್ಸಿನಲ್ಲಿ, ಈ ಕಣ್ಣಿನಲ್ಲಿ ಅವಳನ್ನು ಇನ್ನಾರೂ ಕರೆದು ಐರನ್ ಕೊಡುವುದಿಲ್ಲ. ಬೋರ್ಡು ಸುಟ್ಟವಳು ಎಂಬ ಹೆಸರು ಅಂಟಿಕೊಂಡರಂತೂ ಮುಗಿದೇ ಹೋಯಿತು. ಅಬ್ಬಿಗೆರೆಯಲ್ಲಿ ಅಂಥ ಸುದ್ದಿ ಹಬ್ಬುವುದಕ್ಕೆ ಒಂದು ಟೀ ಅಂಗಡಿ ಸಾಕು. ತಾನು ಕೇಳಿದ್ದೆ, ಧನಕ್ಕನೇ ಹೀಗೆ ಹಾಕು ಎಂದಳು ಎಂದು ಅವಳು ಕೂಗಾಡಬಹುದಿತ್ತು. ನಕ್ಕವರೆಲ್ಲ ಅಲ್ಲೇ ಕೂತು ಊಟ ಮಾಡುತ್ತಿದ್ದರು. ಅವಳು ಕೂಗಾಡಲಿಲ್ಲ, ಯಾರ ಸಾಕ್ಷಿಯನ್ನೂ ಕರೆಯಲಿಲ್ಲ. ಆಗಾಗ ಕತ್ತೆತ್ತಿ ಧನಲಕ್ಷ್ಮಿಯ ಕಡೆ ನೋಡುತ್ತಿದ್ದಳು ಅಷ್ಟೇ. ಆ ನೋಟದಲ್ಲಿ ದೂರು ಇದ್ದಿದ್ದರೆ ಧನಲಕ್ಷ್ಮಿಗೆ ಸುಲಭವಾಗುತ್ತಿತ್ತು. ಅದರಲ್ಲಿದ್ದದ್ದು ಭರವಸೆ. ತನ್ನನ್ನು ಈ ಹೆಂಗಸು ನಂಬಿ ಕೂತಿದ್ದಾಳೆ ಎಂಬುದೇ ಧನಲಕ್ಷ್ಮಿಗೆ ಅವಮಾನದಂತೆ ಕಂಡಿತು.

ಸಂಜೆ ಭೀಮರಾಜ್ ಉಂಗುರದ ಬೆರಳುಗಳನ್ನು ಬೆಂಚಿನ ಮೇಲೆ ಊರಿ ಭಾಷಣ ಮಾಡಿದ. ಅನ್ನ ಕೊಡುವ ಕೆಲಸ, ಶ್ರದ್ಧೆ, ಶೆಡ್ಡಿನ ಮರ್ಯಾದೆ. ಸಿದ್ದಲಿಂಗ ಗೋಡೆಗೊರಗಿ ತನ್ನ ಬೂಟುಗಳನ್ನು ನೋಡುತ್ತಿದ್ದ. ಏನಮ್ಮಾ, ಏನಾದರೂ ಹೇಳೋದಿದೆಯಾ ಎಂದು ಭೀಮರಾಜ್ ಕೇಳಿದಾಗ ಮುನಿಗಂಗಮ್ಮ ಎದ್ದು ನಿಂತು, ಧನಕ್ಕ ಹೇಳ್ತಾರೆ ಎಂದಳು. ಎಲ್ಲರೂ ಧನಲಕ್ಷ್ಮಿಯ ಕಡೆ ತಿರುಗಿದರು.

ಅವಳು ಎದ್ದದ್ದು ಸುಳ್ಳು ಹೇಳುವುದಕ್ಕೇ. ಆದರೆ ಬಾಯಿ ತೆರೆಯುವ ಹೊತ್ತಿಗೆ ಆ ಸುಳ್ಳಿನ ಇನ್ನೊಂದು ಮಗ್ಗುಲು ಕಾಣಿಸಿತು. ಮುನಿಗಂಗಮ್ಮ ತಪ್ಪು ಮಾಡಿದಳು ಎನ್ನುವುದಾದರೆ, ಧನಲಕ್ಷ್ಮಿಯ ಮಾತು ಮೀರಿ ತನ್ನಿಷ್ಟದಂತೆ ಏನೋ ಮಾಡಿದಳು ಎಂದಾಯಿತು. ಅಷ್ಟು ಧೈರ್ಯ, ಅಷ್ಟು ಸ್ವಂತಿಕೆ ಇವಳಿಗೆ! ಅದನ್ನು ಒಪ್ಪುವುದಕ್ಕಿಂತ ತಪ್ಪನ್ನೇ ಒಪ್ಪುವುದು ವಾಸಿ ಎನಿಸಿತು ಅವಳಿಗೆ.

“ಸಾರ್, ತಪ್ಪು ಇವಳದ್ದಲ್ಲ. ಸ್ವಂತವಾಗಿ ತಪ್ಪು ಮಾಡೋಷ್ಟು ಬುದ್ಧಿ ಇವಳಿಗೆಲ್ಲಿದೆ? ನಾನು ಹೇಳ್ಕೊಟ್ಟಿದ್ದನ್ನ ಗಿಳಿ ಥರ ಮಾಡಿದಾಳೆ. ನನ್ನ ಲೆಕ್ಕ ಈ ಹೊಸ ಸಾಮಾನಿಗೆ ನಡೆಯಲ್ಲ, ಅದು ನನಗೆ ಗೊತ್ತಿರ್ಲಿಲ್ಲ. ನಾಳೆ ಬರೋರಿಗೂ ನಾನೇ ಹೇಳ್ತೀನಿ.”

ಗಿಳಿ ಎಂದಾಗ ಒಂದಿಬ್ಬರು ಕಿಸಕ್ಕನೆ ನಕ್ಕರು. ಭೀಮರಾಜ್ ತಬ್ಬಿಬ್ಬಾದ. ಬೆಂಚಿನ ಹೆಂಗಸನ್ನು ಹೊರಹಾಕುವುದು ಅವನಿಗೆ ನೀರು ಕುಡಿದಷ್ಟು ಸುಲಭ, ಧನಲಕ್ಷ್ಮಿಯ ವಿಷಯ ಹಾಗಲ್ಲ. ಅವಳು ಹೋದರೆ ಲೆನ್ಸು ಹಿಡಿಯುವವರಿರಲಿಲ್ಲ, ಕಂಪನಿಯವರು ಮಾಲು ಮುಟ್ಟುತ್ತಿರಲಿಲ್ಲ. ಆಯ್ತು ಬಿಡಿ, ಇನ್ನು ಮೇಲೆ ಹುಷಾರಾಗಿರಿ, ಯಾರನ್ನೂ ಕಳಿಸೋದು ಬೇಡ ಎಂದು ಗೊಣಗಿ ಅವನು ಕೋಣೆಗೆ ಹೋದ. ಸಿದ್ದಲಿಂಗನಿಗೆ ಹೋದ ಉಸಿರು ಬಂತು.

ಧನಲಕ್ಷ್ಮಿಗೆ ತನ್ನ ಬಗ್ಗೆಯೇ ಹೆಮ್ಮೆಯಾಯಿತು. ಯಾರು ಮಾಡುತ್ತಾರೆ ಇಷ್ಟು? ಆ ಹುಡುಗ ಮಾಡಿದನೇ? ಇನ್ನು ಮುನಿಗಂಗಮ್ಮ ಬಂದು ಕೈ ಹಿಡಿದುಕೊಳ್ಳುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ಇರಲಿ ಬಿಡು ಎನ್ನಬೇಕು, ಹೆಚ್ಚು ಮಾತಾಡಬಾರದು ಎಂದು ಅವಳು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಳು.

ಮುನಿಗಂಗಮ್ಮ ಬಂದಳು ನಿಜ. ಆದರೆ ಅವಳ ಹೆಗಲಿನಲ್ಲಿ ಚೀಲ ಇತ್ತು, ಊಟದ ಡಬ್ಬಿ ಅದರೊಳಗಿತ್ತು, ಏಪ್ರನ್ನನ್ನು ಮಡಿಸಿ ಕೈಯಲ್ಲಿ ಹಿಡಿದಿದ್ದಳು.

“ನಾನು ಕೇಳಿದ್ದೆ ಧನಕ್ಕ,” ಎಂದಳು. “ಇದಕ್ಕೂ ಅದೇ ಲೆಕ್ಕಾನಾ ಅಂತ ಕೇಳಿದ್ದೆ. ಅದೊಂದು ಮಾತು ಯೋಳಲೇ ಇಲ್ಲ ನೀವು.”

ಕೆಲಸ ಉಳಿಸಿಕೊಟ್ಟೆನಲ್ಲ, ಇನ್ನೇನು ಬೇಕು ಎಂದು ಧನಲಕ್ಷ್ಮಿ ಸಿಡುಕಿದಳು.

“ಗಿಳಿ ಕೇಳಾಕಿಲ್ಲ ಕಣಕ್ಕ. ಯೋಳ್ಕೊಟ್ಟಿದ್ದನ್ನ ಯೋಳ್ತದೆ ಅಷ್ಟೇಯಾ. ನಾನು ಕೇಳ್ದೆ.”

ಏಪ್ರನ್ನನ್ನು ಬೆಂಚಿನ ಮೇಲಿಟ್ಟು ಅವಳು ಬಾಗಿಲ ತನಕ ಹೋಗಿ ನಿಂತಳು. ಹೋಗುವವಳ ಹಾಗೆ ನಿಲ್ಲಲಿಲ್ಲ, ಕಾಯುವವಳ ಹಾಗೆ ನಿಂತಳು. ಚಪ್ಪಲಿಗೆ ಕಾಲು ತೂರಿಸಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಬೆಂಚಿನಲ್ಲಿ ಎಲ್ಲರ ಕೈಯೂ ನಿಂತಿತ್ತು. ‘ಹೌದು, ಕೇಳಿದ್ದಳು.’ ಧನಲಕ್ಷ್ಮಿ ಹೇಳಬೇಕಾಗಿದ್ದದ್ದು ಅಷ್ಟೇ. ತಪ್ಪು ತನ್ನದೆಂದು ಆಗಲೇ ಹೇಳಿಯಾಗಿತ್ತು, ಇದರಿಂದ ಕಳೆದುಕೊಳ್ಳುವುದು ಹೆಚ್ಚೇನೂ ಇರಲಿಲ್ಲ. ತನಗೆ ತಿಳಿಯದ್ದು ಇವಳಿಗೆ ಅನುಮಾನಕ್ಕಾದರೂ ಹೊಳೆದಿತ್ತು ಎಂದು ಇವರೆಲ್ಲರ ಮುಂದೆ ಒಪ್ಪಬೇಕಿತ್ತು, ಅಷ್ಟೇ. ಮಾತು ಗಂಟಲ ತನಕ ಬಂತು. ಎಲೆಯಡಿಕೆಯ ಆ ದವಡೆಯನ್ನು, ಮೂಗಿನ ತುದಿಯ ಆ ಚಾಳೀಸನ್ನು ನೋಡಿದಾಗ ಹಾಗೆಯೇ ಒಳಗೆ ಹೋಯಿತು.

ಏನ್ ನೋಡ್ತಾ ಕೂತಿದೀರಾ, ಕೈ ಓಡಲಿ ಎಂದು ಅವಳು ಬೆಂಚಿನವರ ಮೇಲೆ ರೇಗಿದಳು. ತಲೆಯೆತ್ತಿ ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಮುನಿಗಂಗಮ್ಮ ಮತ್ತೆ ಬರಲಿಲ್ಲ. ಆಮೇಲೆ ಆ ಶೆಡ್ಡಿಗೆ ಹೊಸ ಸಾಮಾನಿನ ಡಬ್ಬಿಗಳು ಬಂದವು, ಹಿಂದೆ ಕಾಣದ ಬಣ್ಣದವು, ಹಿಂದೆ ಕಾಣದ ಗುರುತಿನವು. ಪ್ರತಿಸಲ ಧನಲಕ್ಷ್ಮಿ ಡಬ್ಬಿ ಒಡೆದು ಹಂಚಿ, ಕಿಟಕಿಯವರ ಬೆನ್ನ ಹಿಂದೆ ಬೇಕೆಂದೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಹುಡುಗಿಯರು ತಲೆ ತಗ್ಗಿಸಿ, ಹೇಳಿದ ಕಡೆಗೆ ಹೇಳಿದಂತೆ ಇಟ್ಟು ಸೋಲ್ಡರ್ ಮಾಡುತ್ತಿದ್ದರು. ಒಬ್ಬರೂ ಏನೂ ಕೇಳುತ್ತಿರಲಿಲ್ಲ.